ಮದ್ದಿನ ಕೋಣೆಯ ಬಾಗಿಲು

ಹೇಮಾವತಿಯು ಹುಟ್ಟುವ ಜಾವಳಿಯಿಂದ ಓದುಗರೊಬ್ಬರು ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿರುವರು. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಸುರಿಸಿ, ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಹಚ್ಚಿದ ಜರ್ಮನರ 'ಎಮ್ಡನ್', ಅವರ ಪ್ರಖ್ಯಾತ ಬ್ಯಾಟಲ್ ಕ್ರೂಸರುಗಳಲ್ಲಿ ಒಂದೇ? ಆ ಬ್ಯಾಟಲ್ ಕ್ರೂಸರುಗಳು ಅಷ್ಟೊಂದು ಪೆಟ್ಟು ತಿಂದೂ ಮುಳುಗದೆ ಉಳಿದುದು ಗ್ರಹಬಲದಿಂದಲೇ?

ಮೊದಲನೆಯದಕ್ಕೆ ಉತ್ತರ ಸುಲಭ. ಘಟ್ಟದ ಕಾಫಿಯು ಮಂಗಳೂರಿಗಿಳಿದು ಹಡಗೇರಿ ಯೂರೋಪನ್ನು ಸೇರುತ್ತಿದ್ದ ಆ ಕಾಲದಲ್ಲಿ ಹಿಂದೂ ಮಹಾಸಾಗರದ ವ್ಯಾಪಾರವನ್ನೆಲ್ಲ ನಡುಗಿಸಿದ ಎಮ್ಡನ್, ಸುಮಾರು 3,600 ಟನ್ನಿನ ಹಗುರ ಕ್ರೂಸರು ಮಾತ್ರ. ಬ್ಯಾಟಲ್ ಕ್ರೂಸರಾದ 'ಸೈಡ್ಲಿಟ್ಸ್' ಸುಮಾರು 25,000 ಟನ್ನಿನದು. ಎರಡರಲ್ಲಿಯೂ ಮುಖ್ಯ ತೋಪುಗಳು ಹತ್ತೇ. ಆದರೆ ಎಮ್ಡನ್ನಿನ ಗುಂಡು ಸುಮಾರು 17 ಕಿಲೋ ತೂಗಿದರೆ ಸೈಡ್ಲಿಟ್ಸಿನದು 300 ಕಿಲೋ ತೂಗುತ್ತಿತ್ತು.

ಎರಡನೆಯ ಪ್ರಶ್ನೆಯೇ ನನ್ನನ್ನು ಬರೆಯಲು ಪ್ರೇರಿಸಿದುದು. ವೇಗಕ್ಕಾಗಿ ಕವಚವನ್ನು ತೆಳುವಾಗಿಸಿದ ಆಂಗ್ಲರಿಗೆ ಪ್ರತಿಯಾಗಿ ಜರ್ಮನರು ತೋಪಿನ ಗಾತ್ರವನ್ನು ಕಿರಿದಾಗಿಸಿ ಕವಚವನ್ನು ದಪ್ಪವಾಗಿಸಿದರು. ಸೈಡ್ಲಿಟ್ಸಿನ ಪಕ್ಕದ ಕವಚವು 300 ಮಿಲಿಮೀಟರಾದರೆ ಆಂಗ್ಲರ 'ಲಯನ್' ನೌಕೆಯದು 229. ಸೈಡ್ಲಿಟ್ಸಿನ ಒಡಲೋ, ಕಾಫಿ ಪಲ್ಪರ್ ಮನೆಯ ತೊಟ್ಟಿಗಳಂತೆ, ಒಂದು ಸೋರಿದರೂ ಪಕ್ಕದ್ದಕ್ಕೆ ಬಾಧೆಯಾಗದಂತೆ ನೂರಾರು ಕೋಣೆಗಳಾಗಿ ವಿಭಾಗಿಸಲ್ಪಟ್ಟಿತ್ತು.

ಆದರೆ ಉಕ್ಕಿಗಿಂತಲೂ ಮಿಗಿಲಾದ ಪಾಠವೊಂದು ಬೆಂಕಿಯಿಂದ ಬಂದಿತು. 1915ರ ಜನವರಿ 24ರಂದು ಡಾಗರ್ ಬ್ಯಾಂಕಿನ ಕದನದಲ್ಲಿ ಲಯನ್ನಿನ ಗುಂಡೊಂದು ಸೈಡ್ಲಿಟ್ಸಿನ ಹಿಂಭಾಗದ ತೋಪುಗೋಪುರದ ಬುಡವನ್ನು ಭೇದಿಸಿತು. ಕೆಳಗಿನ ಕೋಣೆಯಲ್ಲಿದ್ದ ಮದ್ದು ಹೊತ್ತಿಕೊಂಡಾಗ ಪ್ರಾಣಭಯದಿಂದ ಓಡಿದವರು ಪಕ್ಕದ ಗೋಪುರಕ್ಕೆ ಹೋಗುವ ಬಾಗಿಲನ್ನು ತೆರೆಯಲು, ಜ್ವಾಲೆಯು ಅಲ್ಲಿಗೂ ನುಗ್ಗಿ, ಎರಡು ಗೋಪುರಗಳಲ್ಲಿದ್ದ 159 ಮಂದಿಯನ್ನು ದಹಿಸಿಬಿಟ್ಟಿತು. ಆಗ ವಿಲ್ಹೆಲ್ಮ್ ಹೈಡ್ಕಾಂಪ್ ಎಂಬ ನಾವಿಕನು ಕೆಂಪಗೆ ಕಾದ ಕವಾಟದ ತಿರುಪುಗಳನ್ನು ಬರಿಗೈಯಿಂದ ತಿರುಗಿಸಿ, ಅಂಗೈ ಸುಟ್ಟುಕೊಂಡು, ಮದ್ದಿನ ಉಗ್ರಾಣಕ್ಕೆ ಸಮುದ್ರದ ನೀರನ್ನು ಹರಿಯಿಸಿ ನೌಕೆಯನ್ನು ಉಳಿಸಿದನು. ಜರ್ಮನರ ಮದ್ದಿನ ಬಹುಭಾಗವು ಹಿತ್ತಾಳೆಯ ಕೋಶದಲ್ಲಿರುತ್ತಿದ್ದುದರಿಂದ ಅದು ಸಿಡಿಯದೆ ಉರಿಯಿತೆಂಬುದೂ ಇಲ್ಲಿ ಸ್ಮರಣೀಯ.

ಅನಂತರ ಜರ್ಮನರು ಒಮ್ಮೆಗೆ ಹೊರತೆಗೆಯುವ ಮದ್ದನ್ನು ಮಿತಗೊಳಿಸಿದರು. ಬಾಗಿಲುಗಳ ವಿಷಯದಲ್ಲಿ ಕಟ್ಟುನಿಟ್ಟಾದರು. ಆಂಗ್ಲರಾದರೋ ಶೀಘ್ರವಾಗಿ ಗುಂಡು ಹಾರಿಸುವ ಆತುರದಿಂದ ರೇಷ್ಮೆ ಚೀಲಗಳ ಮದ್ದನ್ನು ಗೋಪುರಗಳ ಒಳಗೆ ಪೇರಿಸಿ, ಉಗ್ರಾಣದ ಬಾಗಿಲುಗಳನ್ನು ತೆರೆದಿಟ್ಟುಕೊಂಡರು. 1916ರ ಮೇ 31ರಂದು ಜಟ್ಲೆಂಡಿನ ಕದನದಲ್ಲಿ ಅವರ 'ಇಂಡಿಫ್ಯಾಟಿಗಬಲ್', 'ಕ್ವೀನ್ ಮೇರಿ', 'ಇನ್ವಿನ್ಸಿಬಲ್' ಎಂಬ ಮೂರು ಬ್ಯಾಟಲ್ ಕ್ರೂಸರುಗಳು ಉಗ್ರಾಣ ಸಿಡಿದು ಮೂರು ಸಾವಿರಕ್ಕೂ ಮಿಕ್ಕಿದ ಜನರೊಡನೆ ನಾಶವಾದುವು. ಸೈಡ್ಲಿಟ್ಸ್ ಇಪ್ಪತ್ತಕ್ಕೂ ಹೆಚ್ಚು ಭಾರೀ ಗುಂಡುಗಳನ್ನೂ ಒಂದು ಟಾರ್ಪಿಡೊವನ್ನೂ ಸಹಿಸಿ, ಒಡಲೊಳಗೆ 5,300 ಟನ್ ನೀರನ್ನು ಹೊತ್ತು, ಮರಳದಿಣ್ಣೆಗಳಿಗೆ ತಾಗುತ್ತ ಸ್ವದೇಶವನ್ನು ಸೇರಿತು.

ಇದರಲ್ಲಿ ಶನಿಯ ಪಾತ್ರವೆಲ್ಲಿ, ಗುರುವಿನ ಅನುಗ್ರಹವೆಲ್ಲಿ? ಜಯಾಪಜಯಗಳನ್ನು ಜಾತಕಕ್ಕೆ ವಹಿಸುವವನು ಹೈಡ್ಕಾಂಪನ ಸುಟ್ಟ ಕೈಗಳಿಗೆ ಸಲ್ಲಬೇಕಾದ ಗೌರವವನ್ನು ಕದಿಯುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಮುಂದಿನ ಅನಾಹುತವನ್ನು ತಪ್ಪಿಸುವ ದಾರಿಯನ್ನೇ ಮುಚ್ಚಿಕೊಳ್ಳುತ್ತಾನೆ. ಜಟ್ಲೆಂಡಿನ ಬಳಿಕ ಆಂಗ್ಲರು ಶಾಂತಿಹೋಮವನ್ನು ಮಾಡಿಸಲಿಲ್ಲ. ಮದ್ದನ್ನು ಸಾಗಿಸುವ ಕ್ರಮವನ್ನು ತಿದ್ದಿಕೊಂಡು, ಜ್ವಾಲೆಯನ್ನು ತಡೆಯುವ ಬಾಗಿಲುಗಳನ್ನು ಬಿಗಿಗೊಳಿಸಿದರು.