ಒಮುತಾದ ಕಲ್ಲಿದ್ದಲಿನ ಲೆಕ್ಕ

1959ರಲ್ಲಿ ಜಪಾನಿನ ಒಮುತಾ ನಗರದ ಜನಸಂಖ್ಯೆ 2 ಲಕ್ಷ 8 ಸಾವಿರ ದಾಟಿತ್ತು. 2020ರ ಗಣತಿಯ ಹೊತ್ತಿಗೆ ಉಳಿದವರು ಸುಮಾರು 1 ಲಕ್ಷ 11 ಸಾವಿರ. ಅರಿಯಾಕೆ ಕೊಲ್ಲಿಯ ದಡದ ಈ ಊರನ್ನು ಬೆಳೆಸಿದ್ದು ಮೀಕೆ ಕಲ್ಲಿದ್ದಲು ಗಣಿ. ಬರಿದು ಮಾಡಿದ್ದೂ ಅದೇ.

1873ರಲ್ಲಿ ಸರ್ಕಾರದ ಕೈಸೇರಿದ ಗಣಿ, 16 ವರ್ಷಗಳಲ್ಲಿ 45 ಲಕ್ಷ ಯೆನ್‌ಗೂ ಮಿಕ್ಕ ಬೆಲೆಗೆ ಮಿತ್ಸುಯಿ ಕಂಪನಿಯ ಪಾಲಾಯಿತು. ಆರಂಭದ ದಶಕಗಳಲ್ಲಿ ಅಗೆದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಕೂಲಿ ಅಗ್ಗವಾಗಿದ್ದರೂ ಸಾಗಣೆ ಅಗ್ಗವಿರಲಿಲ್ಲ. ಅರಿಯಾಕೆಯಲ್ಲಿ ಉಬ್ಬರವಿಳಿತದ ಅಂತರವೇ ಸುಮಾರು 5.5 ಮೀಟರ್, ನೀರು ಇಳಿದರೆ ಬರೀ ಕೆಸರು. ದೊಡ್ಡ ಹಡಗು ದಡಕ್ಕೆ ಬರುವಂತಿಲ್ಲ. ಹಾಗಾಗಿ ಸಣ್ಣ ದೋಣಿಗಳಲ್ಲಿ ಕುಚಿನೊತ್ಸು ಬಂದರಿನವರೆಗೆ ಒಯ್ದು, ಅಲ್ಲಿ ಕೂಲಿಗಳು ಹಡಗಿಗೆ ತುಂಬುತ್ತಿದ್ದರು. 1908ರಲ್ಲಿ ಮೀಕೆ ಬಂದರು ತೆರೆಯಿತು. ಅದರ ಬಾಗಿಲು ಮುಚ್ಚಿದರೆ, ಹೊರಗೆ ಸಮುದ್ರ ಎಷ್ಟೇ ಇಳಿಯಲಿ, ಒಳಗೆ 8.5 ಮೀಟರ್ ನೀರು ನಿಲ್ಲುತ್ತದೆ. 10,000 ಟನ್ನಿನ ಹಡಗು ಒಳಬರಬಹುದು. ಒಂಬತ್ತು ವರ್ಷಕ್ಕೆ, 1917ರಲ್ಲಿ, ಒಮುತಾ ನಗರವೆನಿಸಿತು.

ಆಮೇಲೆ ಪೆಟ್ರೋಲಿಯಂ ಬಂತು, ಕಲ್ಲಿದ್ದಲಿನ ಬೇಡಿಕೆ ಕುಗ್ಗಿತು. 1959ರ ಕೊನೆಗೆ ಕಂಪನಿ 1,278 ಕಾರ್ಮಿಕರನ್ನು ತೆಗೆದುಹಾಕಿತು. ಲಾಕೌಟ್, ಮುಷ್ಕರ ಸೇರಿ 313 ದಿನ ಹೋರಾಡಿ ಕಾರ್ಮಿಕರು ಸೋತರು. ಉತ್ಪಾದನೆ ಏರಿತು, ಸುರಂಗದ ಸುರಕ್ಷತೆಯ ಕೆಲಸಕ್ಕಿದ್ದ ಕೈಗಳು ಕಡಿಮೆಯಾದವು. ಈ ಉಳಿತಾಯದ ಬೆಲೆ 1963ರ ನವೆಂಬರ್ 9ರಂದು ತಿಳಿಯಿತು. ಗಣಿಯ ಮಿಕಾವಾ ಸುರಂಗದಲ್ಲಿ ಕಲ್ಲಿದ್ದಲು ಗಾಡಿಗಳ ಕೊಂಡಿ ಕಳಚಿ, ಅವು ಇಳಿಜಾರಿನಲ್ಲಿ ಉರುಳಿ, ಎದ್ದ ಕಲ್ಲಿದ್ದಲ ದೂಳಿಗೆ ಕಿಡಿ ತಾಗಿತು. ಸತ್ತವರು 458. ಸ್ಫೋಟದಿಂದಲೇ ಸತ್ತವರು 20 ಮಂದಿ. ಉಳಿದ 438 ಜನರನ್ನು ಕೊಂದದ್ದು ಕಾರ್ಬನ್ ಮಾನಾಕ್ಸೈಡ್. ಗುಡಿಸಿ, ನೀರು ಚಿಮುಕಿಸಿ ಅಡಗಿಸಬಹುದಾದ ದೂಳದು! ಬದುಕಿ ಹೊರಬಂದವರಲ್ಲಿ 839 ಮಂದಿಗೆ ವಿಷಾನಿಲ ತಾಗಿತ್ತು. ಹಲವರಿಗೆ ನೆನಪು ಅಳಿಸಿತು, ಸ್ವಭಾವವೇ ಬದಲಾಯಿತು. ದಶಕಗಟ್ಟಲೆ ಆರೈಕೆ ಹೆಂಡತಿಯರ ಪಾಲಿಗೆ ಬಂತು. ಟನ್ನಿನ ಬೆಲೆ ಕಟ್ಟುವಾಗ ಆ ದುಡಿಮೆಯನ್ನು ಯಾರೂ ಸೇರಿಸಲಿಲ್ಲ. ಸೇರಿಸಬೇಕಿತ್ತು.

1970ರಲ್ಲಿ ಗಣಿ 65 ಲಕ್ಷ ಟನ್‌ಗೂ ಹೆಚ್ಚು ಕಲ್ಲಿದ್ದಲು ತೆಗೆದು ದಾಖಲೆ ಮಾಡಿತು. 1984ರಲ್ಲಿ ಇದೇ ಗಣಿಯ ಅರಿಯಾಕೆ ಸುರಂಗದ ಬೆಂಕಿಗೆ ಇನ್ನೂ 83 ಜನ ಬಲಿಯಾದರು. ಮಿಕಾವಾ ಸ್ಫೋಟದಲ್ಲಿ ಕಂಪನಿಯದು ತಪ್ಪೆಂದು ಫುಕುವೊಕಾ ಜಿಲ್ಲಾ ನ್ಯಾಯಾಲಯ ಹೇಳಿದ್ದು 1993ರಲ್ಲಿ, 30 ವರ್ಷ ತಡವಾಗಿ. ನಾಲ್ಕು ವರ್ಷದ ನಂತರ, 1997ರ ಮಾರ್ಚ್ 30ರಂದು, ಗಣಿ ಮುಚ್ಚಿತು.