ಮುಡುಕುತೊರೆಯ ಅಮಾವಾಸ್ಯೆ, ಬೆಂಗಳೂರಿನ ಗುಮ್ಮಟ

2020ರ ಡಿಸೆಂಬರ್ 14, ಸೋಮವಾರ. ಕಾವೇರಿ ದಡದ ತಲಕಾಡಿನಲ್ಲಿ ಪಂಚಲಿಂಗ ದರ್ಶನ, ಐದು ಶಿವಲಿಂಗಗಳ ವಿಶೇಷ ಪೂಜೆಯ ದಿನ. ಕೋವಿಡ್ ನಿರ್ಬಂಧದಿಂದಾಗಿ ಎಂದಿನ ಜನಜಂಗುಳಿ ಇರಲಿಲ್ಲ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರರ ಜೊತೆಗೆ ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನನಿಗೂ ಅಂದು ವಿಶೇಷ ಪೂಜೆ. ಅದೇ ರಾತ್ರಿ ನಮ್ಮ ಗಡಿಯಾರದಲ್ಲಿ 9.43 ಆಗಿದ್ದಾಗ ಅರ್ಜೆಂಟೀನಾದಲ್ಲಿ ನಡುಹಗಲೇ ಕತ್ತಲು ಕವಿಯಿತು. ಸಂಪೂರ್ಣ ಸೂರ್ಯಗ್ರಹಣ! ಇಲ್ಲಿ ದರ್ಶನಕ್ಕೆ ಮುಹೂರ್ತ ಕೊಟ್ಟ ಅಮಾವಾಸ್ಯೆಯ ಚಂದ್ರನೇ ಅಲ್ಲಿ ಸೂರ್ಯನನ್ನು ಮರೆಮಾಡಿದ್ದ.

ಪಂಚಲಿಂಗ ದರ್ಶನದ ಲೆಕ್ಕ ಆಕಾಶದ್ದೇ. ಕಾರ್ತಿಕದ ಅಮಾವಾಸ್ಯೆ ಸೋಮವಾರವೇ ಬರಬೇಕು, ಸೂರ್ಯ ಚಂದ್ರರಿಬ್ಬರೂ ವೃಶ್ಚಿಕ ರಾಶಿಯಲ್ಲಿರಬೇಕು. ಸೂರ್ಯ ವೃಶ್ಚಿಕದಲ್ಲಿರುವ ತಿಂಗಳಲ್ಲಿ ಸಾಮಾನ್ಯವಾಗಿ ಒಂದೇ ಅಮಾವಾಸ್ಯೆ. ಅದು ವಾರದ ಏಳು ದಿನಗಳಲ್ಲಿ ಸೋಮವಾರಕ್ಕೇ ಬೀಳುವುದು ಸರಾಸರಿ ಏಳು ವರ್ಷಕ್ಕೊಮ್ಮೆ. ಹಾಗಾಗಿಯೇ 2006ರ ನಂತರ 2009, ಆಮೇಲೆ 2013, ಅದಾದ ಮೇಲೆ 2020. ನಡುವಿನ ಅಂತರ ಮೂರು, ನಾಲ್ಕು, ಏಳು ವರ್ಷ. ಇದರಲ್ಲಿ ಗೂಢವೇನೂ ಇಲ್ಲ. ಹೈಸ್ಕೂಲು ಮಕ್ಕಳೂ ಮಾಡಬಹುದಾದ ಲೆಕ್ಕ.

ಲಕ್ಷಾಂತರ ಜನರನ್ನು ಕಾವೇರಿ ದಡಕ್ಕೆ ಕರೆಸುವ ಈ ಯೋಗವನ್ನು ಮಾತ್ರ ಇಲ್ಲಿ ಕಣ್ಣಾರೆ ಕಂಡವರಿಲ್ಲ. ಅಮಾವಾಸ್ಯೆಯ ಚಂದ್ರ ಕಾಣಿಸುವುದಿಲ್ಲ. ಸೂರ್ಯನ ಹಿಂದಿರುವ ವೃಶ್ಚಿಕದ ನಕ್ಷತ್ರಗಳು ಹಗಲ ಬೆಳಕಿನಲ್ಲಿ ಮುಳುಗಿರುತ್ತವೆ. ಅದನ್ನು ನೋಡಬೇಕಾದರೆ ಸೂರ್ಯನ ಬೆಳಕನ್ನೇ ತಗ್ಗಿಸಬೇಕು. ಆ ಅನುಕೂಲ ಇರುವುದು ತಾರಾಲಯದಲ್ಲಿ.

ಜರ್ಮನಿಯ ಕಾರ್ಲ್ ಝೈಸ್ ಕಂಪನಿ ಗುಮ್ಮಟದೊಳಗೆ ನಕ್ಷತ್ರ ಮೂಡಿಸುವ ಯಂತ್ರವನ್ನು ಮ್ಯೂನಿಕ್‌ನಲ್ಲಿ ಮೊದಲು ತೋರಿಸಿದ್ದು 1923ರಲ್ಲಿ. ಬೆಂಗಳೂರಿಗೆ ತಾರಾಲಯ ಬಂದಿದ್ದು 1989ರಲ್ಲಿ, ನೆಹರೂ ಜನ್ಮಶತಮಾನೋತ್ಸವದ ವರ್ಷ. ಕಟ್ಟಿಸಿದ್ದು ನಗರ ಪಾಲಿಕೆ. ಗುಮ್ಮಟದ ವ್ಯಾಸ 15 ಮೀಟರ್. ತಾರಾಲಯ ಇರುವುದು ಟಿ. ಚೌಡಯ್ಯ ರಸ್ತೆಯಲ್ಲಿ. ಏಳು ತಂತಿಯ ಪಿಟೀಲಿನ ಆ ಚೌಡಯ್ಯನವರು ಮುಡುಕುತೊರೆಗೆ ನೆರೆಯ ತಿರುಮಕೂಡಲಿನವರು. ನಮ್ಮ ಟಿ. ನರಸೀಪುರ ತಾಲ್ಲೂಕಿನವರ ಹೆಸರಿನ ರಸ್ತೆಯಲ್ಲಿ ನಾಡಿನ ಆಕಾಶ ಇದೆ ಎನ್ನುವುದು ಈ ಭಾಗದವರಿಗೆ ಹೆಮ್ಮೆಯ ಸಂಗತಿ.

ಕಟ್ಟಡ ಎದ್ದರೆ ಸಾಲದು, ಅದಕ್ಕೆ ಜೀವ ತುಂಬುವವರು ಬೇಕು. ಬೆಂಗಳೂರಿಗೆ ಸಿ.ವಿ. ವಿಶ್ವೇಶ್ವರ ಸಿಕ್ಕಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಅವರು 1970ರಲ್ಲೇ ಒಂದು ಮಾತು ಹೇಳಿದ್ದರು: ಕಪ್ಪುಕುಳಿಯನ್ನು ಕದಲಿಸಿದರೆ ಅದು ದೇವಸ್ಥಾನದ ಗಂಟೆಯಂತೆ ತನ್ನದೇ ನಾದ ಹೊಮ್ಮಿಸಿ ನಿಧಾನಕ್ಕೆ ಮೌನವಾಗುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಎರಡು ಕಪ್ಪುಕುಳಿಗಳು ಒಂದಾದಾಗ ಹೊಮ್ಮಿದ ಗುರುತ್ವ ಅಲೆಗಳನ್ನು ಅಮೆರಿಕದ ಲೈಗೋ ಉಪಕರಣಗಳು ಹಿಡಿದವು. ಅಲೆಯ ಕೊನೆಯ ಭಾಗ ಅವರು ಹೇಳಿದ್ದಂತೆಯೇ ಇತ್ತು. 2016ರ ಫೆಬ್ರುವರಿಯಲ್ಲಿ ಆ ಸುದ್ದಿ ಪ್ರಕಟವಾಯಿತು. ಮರುವರ್ಷ ಜನವರಿಯಲ್ಲಿ ಅವರು ತೀರಿಕೊಂಡರು.

ಇಂಥ ವಿಜ್ಞಾನಿ ಶಾಲಾಮಕ್ಕಳಿಗಾಗಿ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ದುಡಿದರು. ಪ್ರದರ್ಶನಗಳಿಗೆ ಸಂಗೀತ, ಸಾಹಿತ್ಯ, ಚಿತ್ರಕಲೆಯನ್ನೂ ತಂದರು. 1992ರಿಂದ ತಾರಾಲಯದ ಹೊಣೆ ಹೊತ್ತ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘ ಅದನ್ನು ಬರೀ ಪ್ರದರ್ಶನದ ಮನೆಯಾಗಿ ಬಿಡಲಿಲ್ಲ. ವಾರಾಂತ್ಯದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಸಂಶೋಧಕರೇ ಬಂದು ಪಾಠ ಮಾಡುವ ಏರ್ಪಾಡಾಯಿತು. ನಿರ್ದೇಶಕಿಯಾಗಿದ್ದ ಬಿ.ಎಸ್. ಶೈಲಜಾ ಶಾಸನಗಳ ಬೆನ್ನುಹತ್ತಿದರು. ಗ್ರಹಣದ ದಿನ ಭೂಮಿ ದಾನ ಕೊಟ್ಟು ಕಲ್ಲಿನಲ್ಲಿ ಕೆತ್ತಿಸಿದ ಸಾಲುಗಳು ಅವರಿಗೆ ಆಕಾಶದ ದಾಖಲೆಗಳಾದವು. ಗೀತಾ ಕೈದಾಳ ಅವರೊಂದಿಗೆ ಸೇರಿ ಅದನ್ನೇ ಪುಸ್ತಕವಾಗಿಸಿದರು.

2017ರಲ್ಲಿ ಹಳೆಯ ಯಂತ್ರದ ಜಾಗಕ್ಕೆ ಝೈಸ್‌ನ ಹೊಸ ನಕ್ಷತ್ರಯಂತ್ರವೂ ಡಿಜಿಟಲ್ ಪ್ರೊಜೆಕ್ಟರುಗಳೂ ಬಂದವು. ಈಗ ಬೇಕಾದ ಊರಿನ, ಬೇಕಾದ ದಿನದ ಆಕಾಶವನ್ನು ಗುಮ್ಮಟದ ಮೇಲೆ ತರಬಹುದು. 2020ರ ಡಿಸೆಂಬರ್ 13ರ ಬೆಳಗಿನ ಜಾವಕ್ಕೆ ಹೋಗೋಣ: ಪೂರ್ವದಲ್ಲಿ ಬೆಳ್ಳಿ ಚುಕ್ಕಿಯ ಹತ್ತಿರ ಸಣ್ಣ ಗೆರೆಯಂಥ ಚಂದ್ರ. ಮರುದಿನಕ್ಕೆ ಸರಿಸಿ, ಸೂರ್ಯನ ಪ್ರಭೆ ಇಳಿಸಿದರೆ ಚಂದ್ರ ಅವನ ಪಕ್ಕಕ್ಕೇ ಬಂದಿರುತ್ತಾನೆ. ಸ್ವಲ್ಪ ಆಚೆ ಕೆಂಪು ಜ್ಯೇಷ್ಠಾ ನಕ್ಷತ್ರ. ಪಂಚಾಂಗದ ಒಂದು ಸಾಲು ಹೀಗೆ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ಸಿಗುತ್ತಿರುವುದೇನು? ಶಾಲಾ ಪ್ರವಾಸದಲ್ಲಿ ವಿಧಾನಸೌಧ, ಲಾಲ್‌ಬಾಗ್, ಮ್ಯೂಸಿಯಂ ಸುತ್ತಿ ದಣಿದ ಮೇಲೆ ಒಂದು ಪ್ರದರ್ಶನ. ತಂಪಾದ ಕತ್ತಲಲ್ಲಿ ಅರ್ಧ ಮಕ್ಕಳಿಗೆ ನಿದ್ದೆ. ದೀಪ ಹತ್ತಿದ ಕೂಡಲೇ ಬಸ್ಸಿಗೆ ಓಟ. ಪ್ರಶ್ನೆ ಕೇಳಲು ಪುರುಸೊತ್ತೇ ಇಲ್ಲ. ಮುಡುಕುತೊರೆ ಜಾತ್ರೆಯ ದನಗಳ ನಡುವೆ, ನದಿಯ ದಡದಲ್ಲಿ ಚುಕ್ಕಿ ನೋಡುತ್ತ ಬೆಳೆದ ಮಕ್ಕಳಿಗೆ ಇದು ಅನ್ಯಾಯ.

ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ವಿಶ್ವವಿದ್ಯಾನಿಲಯದ ಜಾಗದಲ್ಲಿ ಕಾಸ್ಮಾಸ್ ತಾರಾಲಯಕ್ಕೆ 2022ರಲ್ಲಿ ಶಂಕುಸ್ಥಾಪನೆಯಾಗಿದೆ. ಟಿ. ನರಸೀಪುರ, ನಂಜನಗೂಡಿನ ಮಕ್ಕಳಿಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಅದನ್ನು ನಡೆಸುವವರಲ್ಲಿ ಒಂದು ಕೋರಿಕೆ: ಪಂಚಲಿಂಗ ದರ್ಶನದ ಆಕಾಶವನ್ನು ಕನ್ನಡದಲ್ಲೇ ವಿವರಿಸುವ ಪ್ರದರ್ಶನವೊಂದನ್ನು ಸಿದ್ಧಪಡಿಸಿ. ಮೇಷ್ಟ್ರುಗಳಲ್ಲಿ ಇನ್ನೊಂದು: ಪ್ರವಾಸದ ಪಟ್ಟಿಯಲ್ಲಿ ಎರಡು ಜಾಗ ಕಡಿಮೆ ಮಾಡಿ, ತಾರಾಲಯಕ್ಕೆ ಅರ್ಧ ದಿನ ಕೊಡಿ.