ಹುಳ ಸುತ್ತುವ ಮಧ್ಯಾಹ್ನ

ಡಿಸೆಂಬರಿನ ಮೂರನೆಯ ಶನಿವಾರ. ಮಂಗಳೂರಿನ ಕುಲಶೇಖರದಲ್ಲಿರುವ ಅಮ್ಮನ ಹೆಂಚಿನ ಮನೆಯ ಊಟದ ಮೇಜು ಇವತ್ತು ಊಟಕ್ಕಿಲ್ಲ. ಉಪ್ಪಿನಕಾಯಿ ಭರಣಿ, ನೀರಿನ ಹೂಜಿ, ಔಷಧಿ ಡಬ್ಬಿ ಎಲ್ಲ ಕಿಟಕಿಯ ದಂಡೆ ಸೇರಿವೆ. ಮೇಜಿನ ಮೇಲೆ ಒಗೆದು ಮಡಿಚಿಟ್ಟಿದ್ದ ಬಿಳಿ ಪಂಚೆ ಹಾಸಿದೆ. ಸುತ್ತ ನಾಲ್ಕು ಕುರ್ಚಿ, ನಾಲ್ಕು ಫೋರ್ಕ್, ಎಂಟು ಪುಟ್ಟ ಕೈ. ತೊಳೆದು, ಒರೆಸಿ, ಅಮ್ಮನಿಂದ ಉಗುರು ಪರೀಕ್ಷೆಯನ್ನೂ ಮುಗಿಸಿಕೊಂಡು ಬಂದ ಕೈಗಳು.

ಮೂವರು ತಂಗಿಯ ಮಕ್ಕಳು: ಎಂಟರವಳು, ಐದರವನು, ಮೊನ್ನೆಯಷ್ಟೇ ಮೂರು ತುಂಬಿದ ಚಿಕ್ಕವಳು. ನಾಲ್ಕನೆಯವನು ಆಚೆಮನೆಯ ಹುಡುಗ. ಆರು ವರ್ಷದವನು. ಇವರು ಬಂದ ರಿಕ್ಷಾದ ಸದ್ದು ಕೇಳಿದರೆ ಸಾಕು, ಬೇಲಿ ಸಂದಿಯಲ್ಲಿ ನುಸುಳಿ ಹಾಜರಾಗುತ್ತಾನೆ. ಅವನಿದ್ದಾಗ ಮನೆಯ ಕೊಂಕಣಿ ತಾನಾಗಿಯೇ ಕನ್ನಡಕ್ಕೆ ಹೊರಳುತ್ತದೆ.

"ಇವತ್ತು ಎಂತ ಮಾಡುದು ಮಾವ್ಶಿ?"

"ಹುಳ."

ಚಿಕ್ಕವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಾಳೆ. ಕುರ್ಚಿಯ ಕೆಳಗೆ ಒಮ್ಮೆ ಬಗ್ಗಿ ನೋಡುತ್ತಾಳೆ.

ಕೊಂಕಣಿಯಲ್ಲಿ ಕಿಡೊ ಎಂದರೆ ಹುಳ, ಅದರ ಬಹುವಚನ ಕಿಡಿಯೊ. ಗೋವಾ, ಮುಂಬಯಿಗಳ ಕಡೆ ಇದನ್ನೇ ಕುಲ್‌ಕುಲ್ ಎನ್ನುತ್ತಾರೆ. ಮೈಮೇಲೆ ಗೀರುಗೀರಾಗಿ, ಒಳಕ್ಕೆ ಸುರುಳಿಗೊಂಡ, ಸಕ್ಕರೆ ಹೊದ್ದ ಬೆರಳ ತುದಿಯಷ್ಟರ ತಿಂಡಿ. ಮಂಗಳೂರಿನ ಕ್ಯಾಥೊಲಿಕರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎಂದು ಹೆಸರು. ಗೋವಾದಲ್ಲಿ ಕೊನ್ಸುವಾದ ಎನ್ನುತ್ತಾರೆ, ಪೋರ್ಚುಗಲ್ಲಿನಲ್ಲಿ ಅದು ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟದ ಹೆಸರು. ಆದರೆ ಗೋವಾದಿಂದ ನಮ್ಮ ಹಿರಿಯರು ದಕ್ಷಿಣಕ್ಕೆ ಇಳಿದು ಬಂದ ಈ ನೆಲದಲ್ಲಿ ಕುಸ್ವಾರಿನ ತಟ್ಟೆ ಅಕ್ಕಿ, ತೆಂಗು, ಎಳ್ಳುಗಳದ್ದೇ ಆಗಿದೆ. ನೆವ್ರಿಯೊ ಎಂದರೆ ಘಟ್ಟದ ಮೇಲಿನವರ ಕರ್ಜಿಕಾಯಿ. ತುಕ್ಡಿ ಎಂದರೆ ಶಂಕರಪೋಳಿಯ ತಂಗಿ. ಕೊಕ್ಕಿಸಾಂ ಅನ್ನು ಕೇರಳದವರು ಅಚ್ಚಪ್ಪಂ ಎಂದು ಗುರುತು ಹಿಡಿಯುತ್ತಾರೆ. ಗೋಲಿಯಂಥ ಗುಳಿಯೊ, ಎಳ್ಳುಂಡೆ, ಚಕ್ಕುಲಿ. ಕೇಕ್ ಒಂದನ್ನು ಬಿಟ್ಟರೆ ಇದರಲ್ಲಿ ಹೆಚ್ಚಿನವಕ್ಕೆ ಒವನ್ ಬೇಡ, ಬಾಣಲೆ ಸಾಕು. ಅಷ್ಟಮಿಗೆ ಆಚೆಮನೆಯ ಅಡುಗೆಕೋಣೆಯಿಂದ ಬರುವ ಪರಿಮಳವೇ ಡಿಸೆಂಬರಿನಲ್ಲಿ ನಮ್ಮ ಅಡುಗೆಕೋಣೆಯಿಂದ ಹೊರಡುತ್ತದೆ.

ಕೊಕ್ಕಿಸಾಂ ಅನ್ನು ನಾನು ಬೇಕರಿಯಿಂದ ತರುತ್ತೇನೆ. ಕಾದ ಎಣ್ಣೆ, ಕಾದ ಅಚ್ಚು, ಅರೆಗಳಿಗೆ ಕೈ ತಪ್ಪಿದರೆ ಹೂವಿನ ಬದಲು ಮುದ್ದೆ. ಅದು ಮಕ್ಕಳ ಕೆಲಸವಲ್ಲ. ಆದರೆ ಕಿಡಿಯೊ ಅನ್ನು ಕೊಂಡು ತರುವುದಿಲ್ಲ, ತರಲೂಬಾರದು. ಒಂದು ಮನೆಗೆ ಬೇಕಾದ ಕಿಡಿಯೊ ಸುತ್ತಲು ದೊಡ್ಡವರೊಬ್ಬರು ಕುಳಿತರೆ ಬೆನ್ನು ಬಿದ್ದುಹೋಗುತ್ತದೆ. ನಾಲ್ಕು ಮಕ್ಕಳು ಸುತ್ತ ಕುಳಿತರೆ ಒಂದು ಮಧ್ಯಾಹ್ನ ಸಾಕು. ಈ ತಿಂಡಿ ಹುಟ್ಟಿದ್ದೇ ಸಣ್ಣ ಬೆರಳುಗಳಿಗಾಗಿ ಎಂದು ನಾನು ನಂಬಿದ್ದೇನೆ.

ಹಿಟ್ಟು ಅಮ್ಮನದು. ಅರ್ಧ ಕಿಲೋ ಮೈದಾ, ಒಂದು ಹಿಡಿ ಚಿರೋಟಿ ರವೆ, ಚಿಟಿಕೆ ಉಪ್ಪು. ನಾಲ್ಕು ದೊಡ್ಡ ಚಮಚ ತುಪ್ಪ ಕಾಯಿಸಿ ಸುರಿಯುತ್ತಾಳೆ. ತುಪ್ಪ ಬಿದ್ದ ಕಡೆ ಹಿಟ್ಟು ಸುಯ್ ಎನ್ನಬೇಕು. ತಣಿದ ಮೇಲೆ ಮಕ್ಕಳ ಸರದಿ: ಅಂಗೈಗಳ ನಡುವೆ ಹಿಟ್ಟನ್ನು ಉಜ್ಜುವುದು. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಅಲ್ಲಿಗೆ ಬಂದರೆ ಕಿಡಿಯೊ ಗರಿಗರಿಯಾಗುತ್ತದೆ ಎಂದು ಅರ್ಥ. ಆಮೇಲೆ ಒಂದು ತೆಂಗಿನಕಾಯಿಯ ದಪ್ಪ ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ನಾದುವುದು. ಚಪಾತಿ ಹಿಟ್ಟಿಗಿಂತ ತುಸು ಬಿಗಿ. ಒದ್ದೆ ಬಟ್ಟೆ ಮುಚ್ಚಿ ಮುಕ್ಕಾಲು ಗಂಟೆ ಬಿಡುತ್ತೇವೆ. ಆತುರಪಟ್ಟು ಈ ಮುಕ್ಕಾಲು ಗಂಟೆಯನ್ನು ಕದ್ದರೆ, ಫೋರ್ಕಿನ ಮೇಲೆ ಹರಡಿದ ಹಿಟ್ಟು ರಬ್ಬರಿನ ಹಾಗೆ ಹಿಂದಕ್ಕೆ ಮುದುಡಿಕೊಳ್ಳುತ್ತದೆ. ಕೆಲವು ಮನೆಗಳಲ್ಲಿ ಮೊಟ್ಟೆಯನ್ನೂ ಹಾಕುತ್ತಾರೆ. ನಮ್ಮಲ್ಲಿ ಇಲ್ಲ. ಆಚೆಮನೆಯವರು ಮೊಟ್ಟೆ ತಿನ್ನುವುದಿಲ್ಲ, ಆದರೆ ಹುಡುಗ ತಾನು ಸುತ್ತಿದ್ದನ್ನು ತಿನ್ನಲೇಬೇಕಲ್ಲ.

ಆ ಮುಕ್ಕಾಲು ಗಂಟೆ ಮಕ್ಕಳು ಜಗಲಿಯ ಗೋದಲಿಯ ಮುಂದೆ. ಬೈಹುಲ್ಲಿನ ಮಾಡು, ಮಣ್ಣಿನ ಕುರಿ, ಮೂಗು ಮುರಿದ ಒಂಟೆ. ಡಿಸೆಂಬರಿನ ಮೊದಲ ವಾರ ತಟ್ಟೆಗಳಲ್ಲಿ ಬಿತ್ತಿದ ಭತ್ತ ಈಗ ಬೆರಳುದ್ದ ಎದ್ದು, ಕುರಿಗಳ ಹೊಟ್ಟೆ ಮುಟ್ಟುವ ಹುಲ್ಲುಗಾವಲಾಗಿದೆ. ತೊಟ್ಟಿಲು ಮಾತ್ರ ಖಾಲಿ. ಬಾಲಯೇಸುವನ್ನು ಇಡುವುದು ಇಪ್ಪತ್ತನಾಲ್ಕರ ರಾತ್ರಿ.

ಅಮ್ಮ ಒಳಗಿನಿಂದ ಕರೆಯುತ್ತಾಳೆ. "ಬನ್ನಿ ಮಕ್ಕಳೇ, ಹಿಟ್ಟು ಎದ್ದಿದೆ!"

ಮೂರು ವರ್ಷದವಳಿಗೆ ಉಂಡೆ ಕಟ್ಟುವ ಕೆಲಸ. ಗೋಲಿಗಿಂತ ಚಿಕ್ಕದು, ಕಡಲೆಗಿಂತ ದೊಡ್ಡದು. ಮೊದಲು ಒಂದು ಬೆರಳು ಮುಂದೆ ಬರುತ್ತದೆ, ಹಿಟ್ಟನ್ನು ಮುಟ್ಟುತ್ತದೆ, ಹುಳವಲ್ಲವೆಂದು ಖಾತ್ರಿಯಾದ ಮೇಲೆ ಇಡೀ ಕೈ ಬರುತ್ತದೆ. ಅವಳ ಉಂಡೆಗಳಲ್ಲಿ ಒಂದು ನೆಲ್ಲಿಕಾಯಿಯಷ್ಟು, ಇನ್ನೊಂದು ಸಾಸಿವೆಯಷ್ಟು. ಸಾಸಿವೆಯಷ್ಟಿನದನ್ನು ಅವಳು "ಪಾಪು" ಎಂದು ಬೇರೆ ಸಾಲಿನಲ್ಲಿ ಇಡುತ್ತಾಳೆ.

ಐದರವನೂ ಆಚೆಮನೆಯವನೂ ಒತ್ತುವವರು. ಫೋರ್ಕಿನ ಬೆನ್ನಿಗೆ ಒಂದು ಹನಿ ಎಣ್ಣೆ ಸವರಿ, ಉಂಡೆ ಇಟ್ಟು, ಹೆಬ್ಬೆರಳಿನಿಂದ ಹಲ್ಲಿನ ಉದ್ದಕ್ಕೂ ಒತ್ತಿ ಹರಡಬೇಕು. ಆಮೇಲೆ ತುದಿಯಿಂದ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬರಬೇಕು. ಹೊರಮೈಯಲ್ಲಿ ಗೀರುಗಳು ಎದ್ದು ನಿಲ್ಲುತ್ತವೆ. ನಾನು ಚಿಕ್ಕವಳಿದ್ದಾಗ ಫೋರ್ಕ್ ಇರಲಿಲ್ಲ. ಪ್ರತಿ ವರ್ಷ ಡಿಸೆಂಬರಿನಲ್ಲಿ ಒಂದು ಹೊಸ ಬಾಚಣಿಗೆ ಬರುತ್ತಿತ್ತು; ಕಿಡಿಯೊ ಮುಗಿದ ಮೇಲೆ ಅದು ನಮ್ಮ ತಲೆಗೆ. ಆ ಬಾಚಣಿಗೆಯ ನೆನಪು ಹೇಳಿದ್ದೇ ತಪ್ಪಾಯಿತು, ಈಗ ಎಲ್ಲರಿಗೂ ಬಾಚಣಿಗೆ ಬೇಕು. ಅಮ್ಮ ನಕ್ಕು, ಪೊಟ್ಟಣ ಒಡೆಯದ ಕೆಂಪು ಬಾಚಣಿಗೆಯೊಂದನ್ನು ಕಪಾಟಿನಿಂದ ತರುತ್ತಾಳೆ. ಇಷ್ಟು ವರ್ಷ ಯಾರಿಗಾಗಿ ತೆಗೆದಿಟ್ಟಿದ್ದಳೋ!

ಎಂಟರವಳದು ಕೊನೆಯ ತಪಾಸಣೆ. ಸುತ್ತಿದ ಅಂಚು ಅಂಟಿದೆಯೇ ಎಂದು ನೋಡಿ ಮೆಲ್ಲಗೆ ಒತ್ತುವುದು. ಅಂಟದ ಹುಳ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ತಮ್ಮನದ್ದನ್ನು ಎರಡೆರಡು ಬಾರಿ ಬಿಚ್ಚಿ ತೋರಿಸುತ್ತಾಳೆ, ಅವನು ಮುಖ ಊದಿಸುತ್ತಾನೆ, ಮತ್ತೆ ಸುತ್ತುತ್ತಾನೆ. ಅರ್ಧ ಗಂಟೆಯಲ್ಲಿ ಪಂಚೆಯ ಮೇಲೆ ಮೂರು ಬಗೆಯ ಅಕ್ಷರ. ಬಿಗಿಯಾಗಿ ಸುತ್ತಿದ್ದು ದೊಡ್ಡವಳದು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಐದರವನದು. ಹೆಬ್ಬೆರಳ ಗುಂಡಿ ಬಿದ್ದದ್ದು ಆಚೆಮನೆಯವನದು. ಯಾವ ಹುಳ ಯಾರದು ಎಂದು ಅಮ್ಮ ಕರಿದ ಮೇಲೂ ಹೇಳಬಲ್ಲಳು.

ಕರಿಯುವಾಗ ಮಕ್ಕಳಿಗೆ ಅಡುಗೆಕೋಣೆಯ ಹೊಸ್ತಿಲೇ ಗಡಿ. ಉರಿ ಮಧ್ಯಮದಲ್ಲಿರಬೇಕು. ಎಣ್ಣೆ ಹೆಚ್ಚು ಕಾದರೆ ಹೊರಗೆ ಬೇಗ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ಮರುದಿನಕ್ಕೆ ಮೆತ್ತಗೆ. ಪಾಕದ ಹತ್ತಿರವಂತೂ ಯಾರೂ ಸುಳಿಯಬಾರದು. ಸಕ್ಕರೆ ಪಾಕ ಕುದಿಯುವ ನೀರಿಗಿಂತ ಹೆಚ್ಚು ಬಿಸಿ, ಮೇಲಾಗಿ ಬಿದ್ದಲ್ಲಿ ಅಂಟಿಕೊಳ್ಳುತ್ತದೆ. ಕಾಲು ಕಿಲೋ ಸಕ್ಕರೆ, ಅದು ಮುಳುಗುವಷ್ಟೇ ನೀರು. ಬೆರಳ ನಡುವೆ ಎರಡೆಳೆ ನಿಂತೊಡನೆ ಇಳಿಸಿ, ತಣಿದ ಕಿಡಿಯೊ ಸುರಿದು, ಸೌಟಿನಿಂದ ಬಿಡದೆ ಆಡಿಸುತ್ತೇನೆ. ಮೊದಲು ಎಲ್ಲ ಹೊಳೆಯುತ್ತವೆ. ನೋಡನೋಡುತ್ತಿದ್ದಂತೆ ಹೊಳಪು ಮಾಸುತ್ತದೆ, ಪಾಕ ಒಣಗಿ ಬಿಳಿ ಪುಡಿಯಾಗಿ ಮೈತುಂಬ ಹರಡುತ್ತದೆ. ಹೊಸ್ತಿಲಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತ ನಾಲ್ವರೂ ಒಟ್ಟಿಗೆ ಉಸಿರೆಳೆಯುವುದು ಆಗಲೇ.

ತೆಂಗಿನ ಹಾಲು ಹಿಂಡಿ, ಎಣ್ಣೆ ಕಾಯಿಸುವ ಪುರುಸೊತ್ತು ಎಲ್ಲ ಮನೆಗಳಲ್ಲೂ ಇರುವುದಿಲ್ಲ. ತಂಗಿ ಬೆಂಗಳೂರಿನ ತನ್ನ ಫ್ಲ್ಯಾಟಿನಲ್ಲಿ ಮಕ್ಕಳೊಂದಿಗೆ ಮಾಡುವುದು ಖರ್ಜೂರದ ಸುರುಳಿ. ಬೀಜ ತೆಗೆದ ಕಾಲು ಕಿಲೋ ಖರ್ಜೂರವನ್ನು ಎರಡು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಮೆತ್ತಗಾಗಿಸಿ ಇಳಿಸಿದರೆ ಒಲೆಯ ಕೆಲಸ ಮುಗಿಯಿತು. ಹತ್ತು ಹನ್ನೆರಡು ಮೇರಿ ಬಿಸ್ಕತ್ತುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, ಲಟ್ಟಣಿಗೆ ಹುಡುಗನ ಕೈಗೆ ಕೊಡಬೇಕು. ಪುಡಿ ಸೇರಿಸಿ, ತಣಿದ ಮೇಲೆ ಉದ್ದಕ್ಕೆ ಸುತ್ತಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿದರೆ ಆಯಿತು. ಗೇರುಬೀಜವನ್ನೂ ಹಾಕಬಹುದು, ಆದರೆ ಚಿಕ್ಕ ಮಕ್ಕಳಿದ್ದರೆ ಪುಡಿ ಮಾಡಿಯೇ ಹಾಕಬೇಕು. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಸಣ್ಣದಲ್ಲ.

ಗೇರುಬೀಜದ ಮಾರ್ಜಿಪಾನ್ ಭಾನುವಾರದ ಕೆಲಸ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರು ಇವತ್ತು ನಮ್ಮ ಗುಡ್ಡಗಳದ್ದೇ ಮರ. ಹಾಗಾಗಿ ಯುರೋಪಿನ ಬಾದಾಮಿಯ ಜಾಗದಲ್ಲಿ ಇಲ್ಲಿ ಗೇರುಬೀಜ ಕುಳಿತಿದೆ. ಸುಲಭದ ದಾರಿ ಹಿಡಿದರೆ ಅದು ಕಾಜು ಕತ್ಲಿಯ ಹಿಟ್ಟೇ, ಗುಲಾಬಿ ನೀರಿನ ಘಮವೊಂದು ಹೆಚ್ಚು. ಅದನ್ನು ನಾವು ಕಾಯಿಸಿ ತಣಿಸಿ ಕೊಡುತ್ತೇವೆ, ಮಕ್ಕಳು ರಬ್ಬರ್ ಅಚ್ಚುಗಳಿಗೆ ಒತ್ತುತ್ತಾರೆ. ಚಿಪ್ಪು, ಎಲೆ, ಗುಲಾಬಿ, ಮೀನು. ಅಚ್ಚಿಗೆ ತುಪ್ಪ ಸವರಿದ್ದರೆ ಹಿಂದಿನಿಂದ ಒಂದು ಸಲ ಒತ್ತಿದರೆ ಮೀನು ಟಪ್ಪನೆ ಅಂಗೈಗೆ ಬೀಳುತ್ತದೆ. ಮೀನಿನ ಅಚ್ಚಿಗಾಗಿ ಪ್ರತಿ ವರ್ಷ ಜಗಳ. ಇನ್ನೊಂದು ಮೀನಿನ ಅಚ್ಚು ತಂದರೆ ಮುಗಿಯಿತು ಎಂದು ತಂಗಿ ಹೇಳುತ್ತಾಳೆ. ನನಗೇಕೋ ತರಲು ಮನಸ್ಸಿಲ್ಲ. ಒಂದೇ ಅಚ್ಚಿಗೆ ಕಾಯುತ್ತ ಕುಳಿತ ಮೂವರು ಒಬ್ಬರ ಕೆಲಸವನ್ನು ಒಬ್ಬರು ಎಷ್ಟು ಗಮನವಿಟ್ಟು ನೋಡುತ್ತಾರೆ!

ಸಂಜೆಗೆ ತಟ್ಟೆ ಜೋಡಿಸುವ ಹೊತ್ತು. ಸೊಟ್ಟ ಹುಳಗಳನ್ನು ಮನೆಗೆ ಇಟ್ಟುಕೊಂಡು, ಚೆಂದದವನ್ನು ನೆರೆಮನೆಗೆ ಕಳಿಸುವುದು ಮೊದಲು ನಮ್ಮಲ್ಲಿಯೂ ಇತ್ತು. ಒಮ್ಮೆ ನಾನು ಸುತ್ತಿದ ಒಂದೂ ಕಿಡಿಯೊ ಯಾವ ತಟ್ಟೆಯಲ್ಲೂ ಹೋಗಲಿಲ್ಲವೆಂದು ತಿಳಿದು, ಕ್ರಿಸ್ಮಸ್ಸಿನ ದಿನವಿಡೀ ನಾನು ಮಾತಾಡಿರಲಿಲ್ಲ. ಮರುವರ್ಷದಿಂದ ಅಮ್ಮ ಕ್ರಮ ಬದಲಿಸಿದಳು. ಈಗ ಪ್ರತಿ ತಟ್ಟೆಯಲ್ಲೂ ಪ್ರತಿ ಮಗುವಿನ ಒಂದೊಂದು ಹಿಡಿ, "ಪಾಪು" ಸಾಲಿನಿಂದ ಎರಡು. ಮೇಲೆ ಅಮ್ಮನೇ ಕ್ರೋಶಾದಲ್ಲಿ ಹೆಣೆದ ಬಿಳಿ ಬಟ್ಟೆ.

ಆಚೆಮನೆಯ ತಟ್ಟೆಯನ್ನು ಆ ಹುಡುಗನೇ ಒಯ್ಯುತ್ತಾನೆ. ಕೇಕ್ ಇಲ್ಲದ, ಮೊಟ್ಟೆ ಸೋಕದ ತಟ್ಟೆ. ಬೇಲಿ ಸಂದಿಯಲ್ಲಿ ನುಸುಳಿದರೆ ಚೆಲ್ಲೀತೆಂದು ಇಂದು ಮೊದಲ ಬಾರಿಗೆ ಗೇಟು ಬಳಸಿ, ಎರಡೂ ಕೈಯಲ್ಲಿ ಹಿಡಿದು, ನೆಲ ನೋಡುತ್ತ ನಡೆಯುತ್ತಾನೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಅವನ ದನಿ: "ಅಮ್ಮಾ, ಗುಂಡಿ ಬಿದ್ದದ್ದೆಲ್ಲ ನಂದು!" ತಟ್ಟೆ ಖಾಲಿ ಮರಳುವುದಿಲ್ಲ. ತಳದಲ್ಲಿ ಒಂದು ಹಿಡಿ ಸಕ್ಕರೆ ಇರುತ್ತದೆ.

ಒಳಗೆ ಪಂಚೆ ಕೊಡವುತ್ತಿದ್ದ ನನಗೆ ಚಿಕ್ಕವಳು ಕಾಣಲಿಲ್ಲ. ಜಗಲಿಯಲ್ಲಿದ್ದಾಳೆ, ಗೋದಲಿಯ ಮುಂದೆ ಮೊಣಕಾಲೂರಿ. ಅವಳ ಮುಷ್ಟಿಯಲ್ಲಿ ಸಕ್ಕರೆ ಮೆತ್ತಿದ ಒಂದು ಪಾಪು ಹುಳ. ಭತ್ತದ ಹುಲ್ಲನ್ನು ಎರಡು ಬೆರಳಲ್ಲಿ ಸರಿಸಿ, ಅದನ್ನು ಕುರಿಯ ಪಕ್ಕ ಮೆಲ್ಲಗೆ ಇಟ್ಟು, ಮತ್ತೆ ಹುಲ್ಲು ಮುಚ್ಚುತ್ತಾಳೆ.

ಇರುವೆ ಬರುತ್ತದೆ ಎನ್ನಲು ಬಾಯಿ ತೆರೆದೆ. ಅಮ್ಮ ಹಿಂದಿನಿಂದ ನನ್ನ ತೋಳು ಹಿಡಿದಳು.